ಸಿಗ್ನಲ್ ಇಲ್ಲದ ಇನ್ನೂರ ಹದಿನೆಂಟು

ನಮ್ಮ ಡಿಪೋದ ರೆಸ್ಟ್ ರೂಮಿನಲ್ಲಿ ದೆವ್ವದ ಕಥೆಗಳಿಗೆ ಯಾವತ್ತೂ ಬರ ಇರಲಿಲ್ಲ. ಹತ್ತೊಂಬತ್ತು ವರ್ಷ ಕಂಡಕ್ಟರ್ ಆಗಿದ್ದವಳು ನಾನು. ಊಟದ ಡಬ್ಬಿ ಬಿಚ್ಚಿದ ಕೂಡಲೇ ಯಾರಾದರೊಬ್ಬ ಡ್ರೈವರ್ ಶುರುಮಾಡುತ್ತಿದ್ದ. ಕೆರೆ ಏರಿ ಮೇಲೆ ಬಿಳಿ ಸೀರೆಯವಳು ಕೈ ಅಡ್ಡ ಹಾಕಿದಳಂತೆ, ಇವನು ಬಸ್ ನಿಲ್ಲಿಸಿದನಂತೆ, ಹತ್ತಿ ಹಿಂದಿನ ಸೀಟಿನಲ್ಲಿ ಕೂತಳಂತೆ, ಮುಂದಿನ ಸ್ಟಾಪಿನಲ್ಲಿ ತಿರುಗಿ ನೋಡಿದರೆ ಸೀಟು ಖಾಲಿಯಂತೆ. ಎಲ್ಲರೂ ಬಾಯಿ ಬಿಟ್ಟುಕೊಂಡು ಕೇಳುವಾಗ ನಾನು ಮುದ್ದೆ ಮುರಿಯುತ್ತಾ ಒಂದೇ ಪ್ರಶ್ನೆ ಹಾಕುತ್ತಿದ್ದೆ: "ಟಿಕೆಟ್ ತಗೊಂಡ್ಳಾ?" ಅಲ್ಲಿಗೆ ಕಥೆ ಟುಸ್ ಅಂತ ಗಾಳಿ ಬಿಟ್ಟುಕೊಂಡು ಕೂರುತ್ತಿತ್ತು. ನನ್ನನ್ನು ಕಂಡರೆ ಕಥೆ ಹೇಳುವವರಿಗೆಲ್ಲ ಸಿಟ್ಟು.

ಅಂಥವಳು ಈಗ ನಿಮ್ಮ ಮುಂದೆ ಒಂದು ಕಥೆ ಇಟ್ಟುಕೊಂಡು ಕೂತಿದ್ದೇನೆ. ರಾತ್ರಿಯದಲ್ಲ, ಅಮಾವಾಸ್ಯೆಯದಲ್ಲ, ಕೆಲವು ವರ್ಷಗಳ ಹಿಂದಿನ ಒಂದು ಸುಡು ಮಧ್ಯಾಹ್ನದ್ದು. ನಂಬಿ ಅಂತ ಯಾರನ್ನೂ ಒತ್ತಾಯ ಮಾಡುವುದಿಲ್ಲ. ನನಗೇ ಇನ್ನೂ ಅದರ ತಲೆಬುಡ ತಿಳಿದಿಲ್ಲ. ಆದರೆ ಆ ದಿನ ನಮ್ಮ ಮನೆಗೆ ಒಬ್ಬ ಮನುಷ್ಯ ಜೀವಂತವಾಗಿ ವಾಪಸ್ ಬಂದ. ಅದಕ್ಕಾಗಿ ಗೊತ್ತಿದ್ದವರಿಗೆಲ್ಲ ಕೈ ಮುಗಿದಾಗಿದೆ. ಗೊತ್ತಿಲ್ಲದವರಿಗೆ ಮುಗಿಯುವುದು ಬಾಕಿ ಇದೆ, ಅದಕ್ಕೇ ಇದನ್ನು ಬರೆಯುತ್ತಿರುವುದು.

ಮೊದಲು ನನ್ನ ಕೆಲಸದ ವಿಷಯ ಹೇಳಿಬಿಡುತ್ತೇನೆ. ಮಂಡಿ ಚಿಪ್ಪು ಸವೆದು, ನಿಂತು ಟಿಕೆಟ್ ಕೊಡುವುದು ಇನ್ನು ಆಗುವುದಿಲ್ಲ ಅಂದಾಗ ನನ್ನನ್ನು ತುಮಕೂರಿನ ಡಿಪೋದಲ್ಲೇ ಟ್ರ್ಯಾಕಿಂಗ್ ರೂಮಿಗೆ ಹಾಕಿದರು. ಪ್ರತಿ ಬಸ್ಸಿನಲ್ಲೂ ಡ್ರೈವರ್ ಸೀಟಿನ ಹತ್ತಿರ ಒಂದು ಸಣ್ಣ ಡಬ್ಬಿ ಕೂರಿಸಿದ್ದಾರೆ. ಬಸ್ ಎಲ್ಲಿದೆ ಅಂತ ಅದು ಸೆಕೆಂಡುಗಳ ಲೆಕ್ಕದಲ್ಲಿ ತಿಳಿಸುತ್ತಾ ಇರುತ್ತದೆ. ನನ್ನ ಮುಂದಿನ ದೊಡ್ಡ ಸ್ಕ್ರೀನಿನಲ್ಲಿ ಒಂದೊಂದು ಬಸ್ಸಿಗೆ ಒಂದೊಂದು ಚುಕ್ಕೆ. ಓಡುತ್ತಿದ್ದರೆ ಹಸಿರು, ನಿಂತಿದ್ದರೆ ಹಳದಿ, ಸಿಗ್ನಲ್ ಇಲ್ಲದಿದ್ದರೆ ಬೂದು ಬಣ್ಣ. ಪಕ್ಕದಲ್ಲಿ ಎಲ್ಲ ಗಾಡಿಗಳ ಪಟ್ಟಿ. ಯಾವುದಾದರೂ ಗಾಡಿ ತನ್ನ ದಾರಿ ಬಿಟ್ಟು ಬೇರೆ ಕಡೆ ತಿರುಗಿದರೆ ಕೆಂಪಗೆ ಹೊಡೆದುಕೊಳ್ಳುತ್ತದೆ. ಏನಾದರೂ ಎಡವಟ್ಟು ಕಂಡರೆ ಸಮಯ, ಸ್ಥಳ ಎರಡನ್ನೂ ಆ ಗಾಡಿಯ ಲಾಗ್ ಶೀಟಿನಲ್ಲಿ ಪೆನ್ನಿನಿಂದ ಬರೆದಿಟ್ಟು, ಗಾಡಿ ವಾಪಸ್ ಬಂದ ಮೇಲೆ ಕೆಳಗೆ ಡ್ರೈವರ್ ಸಹಿ ಹಾಕಿಸುವುದು ನಮ್ಮ ರೂಢಿ. ಕಂಪ್ಯೂಟರ್ ಇರುವಾಗ ಕಾಗದ ಯಾಕೆ ಅಂತ ಕೇಳಬೇಡಿ. ಹಳೇ ಅಭ್ಯಾಸ, ಕೈ ಸುಮ್ಮನಿರುವುದಿಲ್ಲ.

ಇನ್ನು ನಮ್ಮ ಮಾವ. ನನ್ನ ಗಂಡನ ತಂದೆ, ನಿವೃತ್ತ ಡ್ರೈವರ್. ಹುಟ್ಟಿದ್ದು ಗುಬ್ಬಿ ಹತ್ತಿರದ ಹಳ್ಳಿ, ಅಲ್ಲಿ ನಮಗೆ ಇಪ್ಪತ್ತು ಮೂವತ್ತು ತೆಂಗಿನ ಮರ ಇವೆ. ಆದರೆ ಅವರ ಜೀವನವೆಲ್ಲ ಕಳೆದದ್ದು ಕುಣಿಗಲ್ ರಸ್ತೆಯಲ್ಲಿ. ತುಮಕೂರಿನಿಂದ ಮಧ್ಯಾಹ್ನ ಹೊರಟು ಹೆಬ್ಬೂರು, ಕುಣಿಗಲ್ ದಾಟಿ ಮಾರ್ಕೋನಹಳ್ಳಿಗೆ ಹೋಗಿ, ಅಲ್ಲೇ ರಾತ್ರಿ ತಂಗಿ, ಬೆಳಗಿನ ಜಾವ ಊರ ಬಾಗಿಲಲ್ಲಿ ಮೂರು ಸಲ ಹಾರನ್ ಹೊಡೆದು ಜನ ತುಂಬಿಕೊಂಡು ಬರುವ ಬಸ್. ಹನ್ನೊಂದು ವರ್ಷ ಅವರು ಓಡಿಸಿದ್ದು ಒಂದೇ ಗಾಡಿ. ನಂಬರಿನ ಕೊನೆಯ ಮೂರು ಅಂಕಿ ಇನ್ನೂರ ಹದಿನೆಂಟು. ಡಿಪೋದಲ್ಲಿ ಗಾಡಿಗೆ ಅದೇ ಹೆಸರು. ನಮ್ಮ ಮನೆಯಲ್ಲಂತೂ ಆ ನಂಬರನ್ನು ಮನೆದೇವರ ಹೆಸರಿಗಿಂತ ಹೆಚ್ಚು ಸಲ ಹೇಳಿದ್ದಾರೆ.

ನಾನು ಕಂಡಕ್ಟರ್ ಕೆಲಸಕ್ಕೆ ಸೇರುವಾಗ ಗಂಡನ ಕಡೆ ನೆಂಟರೆಲ್ಲ ಮುಖ ಸಿಂಡರಿಸಿದ್ದರು. ಸೊಸೆ ಹೆಗಲಿಗೆ ಬ್ಯಾಗ್ ಹಾಕಿಕೊಂಡು ಗಂಡಸರ ಮಧ್ಯೆ ನುಗ್ಗುವುದಾ ಅಂತ. ಮಾವ ಎಲ್ಲರೆದುರು ಒಂದೇ ಮಾತು ಹೇಳಿದರು: "ನುಗ್ಗದಿದ್ರೆ ಟಿಕೆಟ್ ಕೊಡಕಾಯ್ತದಾ? ಹೋಗಮ್ಮ ನೀನು." ಅಲ್ಲಿಂದ ಇಲ್ಲಿಯವರೆಗೆ ನಾನು ತಿಂದ ಅನ್ನ ಆ ಮಾತಿನಿಂದ ಬಂದದ್ದು. ಹಾಗಂತ ನಮ್ಮಿಬ್ಬರಿಗೆ ಜಗಳ ಇರಲಿಲ್ಲ ಅಂದುಕೊಳ್ಳಬೇಡಿ. ದಿನಾ ಇತ್ತು. ನನ್ನ ಟ್ರ್ಯಾಕಿಂಗ್ ಕೆಲಸ ಕಂಡರೆ ಅವರಿಗೆ ನಗು. "ನಮ್ಗೆ ಕ್ರಾಸಿಂಗೇ ಸಾಕಾಗಿತ್ತು ಕಣಮ್ಮ," ಅನ್ನುವರು. ಹೋಗುವ ಬಸ್, ಬರುವ ಬಸ್ ದಿನಾ ಒಂದೇ ಜಾಗದಲ್ಲಿ ಎದುರಾಗುತ್ತಿದ್ದವು. "ಹೆಬ್ಬೂರು ದಾಟೋದ್ರೊಳಗೆ ಎದ್ರು ಗಾಡಿ ಸಿಗ್ಲಿಲ್ಲ ಅಂದ್ರೆ, ಅದುಕ್ಕೇನೋ ಆಗೈತೆ ಅಂತ. ಹುಡಿಕ್ಕೊಂಡು ಹೋಗೋವು. ನಿನ್ ಡಬ್ಬಿ ಹುಡಿಕ್ಕೊಂಡು ಹೋಯ್ತದಾ?"

ಇಲ್ಲಿ ನನ್ನ ಒಂದು ತಪ್ಪನ್ನು ಒಪ್ಪಿಕೊಳ್ಳಬೇಕು. ಟ್ರ್ಯಾಕಿಂಗ್ ರೂಮಿನ ತರಬೇತಿಯ ದಿನ, ಪ್ರಾಕ್ಟೀಸಿಗೆ ಯಾವುದಾದರೂ ಒಂದು ಗಾಡಿಯನ್ನು ಪಟ್ಟಿಗೆ ಸೇರಿಸಿ ನೋಡಿ ಅಂದರು. ನನ್ನ ಬೆರಳು ತಾನಾಗಿ ಮಾವನ ಗಾಡಿ ನಂಬರ್ ಒತ್ತಿತು. ಬಾಯಿಪಾಠ ಇದ್ದ ನಂಬರ್ ಅದೊಂದೇ. ರೂಟು: ತುಮಕೂರು, ಕುಣಿಗಲ್, ಮಾರ್ಕೋನಹಳ್ಳಿ. ಹೊರಡುವ ಸಮಯ: ಒಂದೂ ಮುಕ್ಕಾಲು. ಡಬ್ಬಿಯ ನಂಬರ್ ಹಾಕುವ ಜಾಗ ಖಾಲಿ ಬಿಟ್ಟೆ, ಯಾಕೆಂದರೆ ಆ ಗಾಡಿಗೆ ಡಬ್ಬಿಯೇ ಇಲ್ಲ. ಈ ಡಬ್ಬಿಗಳು ಬರುವ ಎಷ್ಟೋ ವರ್ಷ ಮೊದಲೇ ಅದನ್ನು ಹರಾಜಿನಲ್ಲಿ ಗುಜರಿಯವರು ಹೊತ್ತುಕೊಂಡು ಹೋಗಿದ್ದರು. ಪ್ರಾಕ್ಟೀಸ್ ಮುಗಿದ ಮೇಲೆ ಅಳಿಸಬೇಕಿತ್ತು. ಮರೆತೆ. ಆಮೇಲೆ ನೆನಪಾದರೂ ಅಳಿಸಲು ಮನಸ್ಸು ಬರಲಿಲ್ಲ. ಪಟ್ಟಿಯ ಕೊನೆಯಲ್ಲಿ ಅದು ಬೂದು ಬಣ್ಣದಲ್ಲಿ ಬಿದ್ದಿರುತ್ತಿತ್ತು: ಇನ್ನೂರ ಹದಿನೆಂಟು, ಸಿಗ್ನಲ್ ಇಲ್ಲ.

ಅತ್ತೆ ತೀರಿಕೊಂಡ ಮೇಲೆ ಮಾವನಿಗೆ ಮರೆವು ಶುರುವಾಯಿತು. ಮೊದಲು ಕನ್ನಡಕ, ಆಮೇಲೆ ಊಟ ಮಾಡಿದ್ದು, ಆಮೇಲೆ ಮೊಮ್ಮಗಳ ಹೆಸರು. ಪೆನ್ಷನ್ನಿಗೆ ಬ್ಯಾಂಕಿಗೆ ಕರೆದುಕೊಂಡು ಹೋದರೆ ಸೈನ್ ಮಾಡಲು ಪೆನ್ ಹಿಡಿದು ಸುಮ್ಮನೆ ಕೂತಿರುತ್ತಿದ್ದರು. ಒಂದು ವರ್ಷದಿಂದ ಹೆಬ್ಬೆಟ್ಟು ಒತ್ತಿಸುತ್ತಿದ್ದೆವು. ಜೊತೆಗೆ ಸಕ್ಕರೆ ಕಾಯಿಲೆ. ಇನ್ಸುಲಿನ್ ಕೊಟ್ಟ ಮೇಲೆ ಹೊತ್ತಿಗೆ ಸರಿಯಾಗಿ ಊಟ ಬೀಳದಿದ್ದರೆ ಸಕ್ಕರೆ ಇಳಿದು ಇದ್ದಲ್ಲೇ ಕುಸಿಯುತ್ತಾರೆ ಅಂತ ಡಾಕ್ಟರ್ ಎಚ್ಚರಿಸಿದ್ದರು. ಎರಡು ಸಲ ಮನೆಯಿಂದ ತಪ್ಪಿಸಿಕೊಂಡಿದ್ದರು. ಎರಡು ಸಲವೂ ಗುಬ್ಬಿ ಬಸ್ ಸ್ಟ್ಯಾಂಡಿನಲ್ಲಿ ಸಿಕ್ಕಿದ್ದರು. ತೋಟಕ್ಕೆ ಹೊರಟಿದ್ದರಂತೆ.

ಎಲ್ಲ ಮರೆತರೂ ಒಂದು ಮಾತ್ರ ಮರೆಯುತ್ತಿರಲಿಲ್ಲ. ಸಾಯಂಕಾಲ ನಾಲ್ಕು ಗಂಟೆಗೆ ಟೀ ಕೊಟ್ಟರೆ ಗಡಿಯಾರ ನೋಡಿ ಕೇಳುವರು: "ಹಳೇ ಸ್ಟಾಪಿಗೆ ಬಸ್ ಹೋಯ್ತೇನಮ್ಮ?" ಮಾರ್ಕೋನಹಳ್ಳಿಗೆ ಮುಂಚೆ, ಕಾಲುವೆ ಪಕ್ಕದಲ್ಲಿ ಒಂದು ಹಳೇ ರಸ್ತೆ ಒಳಕ್ಕೆ ತಿರುಗುತ್ತದೆ. ಆಗ ಅಲ್ಲಿ ಒಂದಿಷ್ಟು ಮನೆಗಳು, ಕಲ್ಲು ಚಪ್ಪಡಿಯ ಒಂದು ತಂಗುದಾಣ ಇದ್ದವು. ಹೊಸ ರಸ್ತೆ ನೇರವಾಗಿ ಆದ ಮೇಲೆ ಜನ ಮನೆಗಳನ್ನು ಬಿಟ್ಟು ರಸ್ತೆ ಬದಿಗೆ ಬಂದರು, ಬಸ್ ಒಳಗೆ ಹೋಗುವುದು ನಿಂತಿತು. ದಿನಾ ನಾವು "ಹೋಯ್ತು ಮಾವ" ಅಂದುಬಿಡುತ್ತಿದ್ದೆವು, ಅವರು ಸಮಾಧಾನವಾಗಿ ಟೀ ಕುಡಿಯುತ್ತಿದ್ದರು. ಆ ಘಟನೆಯ ಹಿಂದಿನ ದಿನ ನನಗೆ ವಾರದ ರಜೆ. ಮಂಡಿ ನೋವು, ಮನೆ ತುಂಬ ಒಗೆಯುವ ಬಟ್ಟೆ. ಮೂರನೇ ಸಲ ಅದೇ ಪ್ರಶ್ನೆ ಕೇಳಿದಾಗ ರೇಗಿಬಿಟ್ಟೆ. "ಅಲ್ಲಿಗೆ ಯಾವ ಬಸ್ಸೂ ಹೋಗಲ್ಲ ಮಾವ. ನಿಂತು ಎಷ್ಟೋ ವರ್ಷ ಆಯ್ತು. ಎಷ್ಟ್ ಸಲ ಹೇಳ್ಬೇಕು?" ಅವರು ಲೋಟ ಕೆಳಗಿಟ್ಟರು. "ಹಂಗಾರೆ ಕಾಯ್ತಾ ಇರೋರು ಏನ್ ಮಾಡ್ಬೇಕು?" ಅಂದರು. ನಾನು ಬಟ್ಟೆ ಒಣಹಾಕಲು ಹೋದೆ.

ಮರುದಿನ ಡ್ಯೂಟಿಯಲ್ಲಿದ್ದೆ. ಒಂದು ಗಂಟೆ ಐವತ್ತೆರಡು ನಿಮಿಷಕ್ಕೆ ಪಟ್ಟಿಯ ಕೊನೆಯ ಸಾಲು ಹಳದಿಗೆ ತಿರುಗಿತು. ಇನ್ನೂರ ಹದಿನೆಂಟು, ನಿಂತಿದೆ, ಉಪ್ಪಾರಹಳ್ಳಿ.

ನಮ್ಮ ಮನೆ ಇರುವುದೂ ಉಪ್ಪಾರಹಳ್ಳಿಯಲ್ಲೇ. ಆದರೆ ಆ ಹೊತ್ತಿನಲ್ಲಿ ಅದು ನನ್ನ ತಲೆಗೆ ಹೊಳೆಯಲಿಲ್ಲ. ಡಬ್ಬಿಗಳನ್ನು ರಿಪೇರಿ ಮಾಡುವ ಎಲೆಕ್ಟ್ರಿಷಿಯನ್ ಗಂಗಣ್ಣ ಪಕ್ಕದ ಟೇಬಲ್ಲಿನಲ್ಲಿ ವೈರ್ ಸುಲಿಯುತ್ತಾ ಕೂತಿದ್ದರು. ಕರೆದು ತೋರಿಸಿದೆ: "ನೋಡ್ರೀ ಗಂಗಣ್ಣ, ಗುಜರಿಗೆ ಹೋದ ಗಾಡಿಗೆ ಜೀವ ಬಂದೈತೆ." ಅವರು ಕನ್ನಡಕ ಏರಿಸಿ ನೋಡಿದರು. "ಬುಡಕ್ಕ, ಯಾವ್ದೋ ಡಬ್ಬಿ ಸಿಗ್ನಲ್ಲು ಅಡ್ಡದಾರಿ ಹಿಡ್ದೈತೆ. ಸಾಯಂಕಾಲ ನೋಡಣ." ನಾನು ಸಮಯ, ಸ್ಥಳ ಶೀಟಿನಲ್ಲಿ ಬರೆದೆ. ಮೂರು ನಿಮಿಷ ನಿಂತಿದ್ದು ಚುಕ್ಕೆ ಹಸಿರಾಯಿತು, ಕುಣಿಗಲ್ ಕಡೆ ಹೊರಟಿತು. ಅದನ್ನೂ ಬರೆದೆ. ತಲೆಕೆಟ್ಟ ಮೆಷಿನ್ನು ಅಂತ ಬೈದು ಬೇರೆ ಕೆಲಸ ನೋಡಿದೆ.

ಎರಡೂ ಹತ್ತಕ್ಕೆ ಗಂಡನ ಫೋನ್. ಅವರು ಹಿರೇಹಳ್ಳಿಯ ಒಂದು ಕಾರ್ಖಾನೆಯಲ್ಲಿ ಕೆಲಸ ಮಾಡುವವರು. ರಾತ್ರಿ ಪಾಳಿ ಮುಗಿಸಿ ಬಂದಿದ್ದವರು, ಮಧ್ಯಾಹ್ನ ಮಾವನಿಗೆ ಇನ್ಸುಲಿನ್ ಕೊಟ್ಟು, ತಟ್ಟೆಗೆ ಊಟ ಬಡಿಸಿ, ಐದು ನಿಮಿಷ ಕಣ್ಣು ಮುಚ್ಚೋಣ ಅಂತ ಒರಗಿದ್ದರಂತೆ. "ಲೇ, ಅಪ್ಪ ಎಲ್ಲೂ ಕಾಣ್ತಿಲ್ಲ ಕಣೇ. ತಟ್ಟೆ ಮುಟ್ಟೇ ಇಲ್ಲ. ಟ್ರಂಕು ತೆಗ್ದೈತೆ, ಖಾಕಿ ಶರ್ಟ್ ಇಲ್ಲ." ಔಷಧಿ ಒಳಗೆ ಹೋಗಿದೆ, ಅನ್ನ ಹೋಗಿಲ್ಲ. ಇನ್ನು ಎರಡು ಮೂರು ಗಂಟೆಯೊಳಗೆ ಸಿಗದಿದ್ದರೆ ಎಲ್ಲೋ ಬಿದ್ದಿರುತ್ತಾರೆ, ನೋಡಿದವರು ಕುಡಿದು ಬಿದ್ದಿದ್ದಾನೆ ಅಂದುಕೊಂಡು ದಾಟಿ ಹೋಗುತ್ತಾರೆ.

ಹಿಂದಿನ ಎರಡು ಸಲದಂತೆ ಗುಬ್ಬಿಗೇ ಹೋಗಿರುತ್ತಾರೆ ಅಂತ ನಾವಿಬ್ಬರೂ ಅಂದುಕೊಂಡೆವು. ಗಂಡ ಬೈಕ್ ಹತ್ತಿ ಅತ್ತ ಹೊರಟರು. ಗುಬ್ಬಿ ರಸ್ತೆಯಲ್ಲಿ ಆ ಹೊತ್ತಿಗೆ ಎಷ್ಟು ಬಸ್ ಇದ್ದವೋ ಅಷ್ಟೂ ಬಸ್ಸಿನ ಕಂಡಕ್ಟರಿಗೆ ನಾನು ಒಬ್ಬೊಬ್ಬರಾಗಿ ಫೋನ್ ಮಾಡಿದೆ. ಒಬ್ಬರಾದರೂ ಬೇಸರ ಮಾಡಿಕೊಳ್ಳಲಿಲ್ಲ. ಸೀಟು ಸೀಟು ನೋಡಿದರು. ಒಬ್ಬ ಹುಡುಗಿ ಕಂಡಕ್ಟರ್ ಎದುರಿಗೆ ಬಂದ ಪ್ರೈವೇಟ್ ಬಸ್ಸಿಗೂ ಕೈ ಅಡ್ಡ ಹಾಕಿ ನಿಲ್ಲಿಸಿ ಕೇಳಿದಳಂತೆ. ಗುಬ್ಬಿ ಸ್ಟ್ಯಾಂಡಿನ ಕಂಟ್ರೋಲರು ಮೈಕಿನಲ್ಲಿ ಕೂಗಿದರು: ಖಾಕಿ ಶರ್ಟಿನ ಹಿರಿಯರು, ಬಿಳಿ ಕೂದಲು, ಬಲಗಾಲು ಕುಂಟುತ್ತಾರೆ. ಎಲ್ಲೂ ಇಲ್ಲ. ನನ್ನ ಮುಂದೆ ಸ್ಕ್ರೀನ್ ತುಂಬ ಚುಕ್ಕೆಗಳು ಓಡಾಡುತ್ತಿದ್ದವು. ಯಾವ ಬಸ್ ಎಲ್ಲಿದೆ, ಎಷ್ಟು ಸ್ಪೀಡಿನಲ್ಲಿದೆ, ಎಲ್ಲ ಗೊತ್ತು. ಅದರೊಳಗೆ ಯಾರು ಕೂತಿದ್ದಾರೆ ಅಂತ ಮಾತ್ರ ಗೊತ್ತಿಲ್ಲ. ಅಷ್ಟು ದೊಡ್ಡ ಸ್ಕ್ರೀನ್ ಕಟ್ಟಿಕೊಂಡು ಏನು ಮಾಡಬೇಕು ಅನ್ನಿಸಿ ಅಳು ಬಂತು.

ಮಧ್ಯೆ ಗಂಗಣ್ಣ ಮೆಲ್ಲಗೆ ಅಂದರು: "ಅಕ್ಕಾ, ಆ ಗುಜರಿ ಗಾಡಿ ಹೆಬ್ಬೂರು ತಲುಪೈತೆ." ನಾನು ಹರಿಹಾಯ್ದೆ. "ಅದನ್ನ ಕಟ್ಕೊಂಡು ನನಗೇನಾಗ್ಬೇಕ್ರೀ! ಇಲ್ಲಿ ಮನುಷ್ಯ ಸಿಗ್ತಾ ಇಲ್ಲ." ಪಾಪ, ಅವರು ತಮ್ಮ ಟೇಬಲ್ಲಿಗೆ ಹೋದರು. ಆದರೆ ನನ್ನ ಕೈ ಅದರ ಪಾಡಿಗೆ ಬರೆದುಕೊಂಡಿತ್ತು. ಹೆಬ್ಬೂರು, ಎರಡು ಇಪ್ಪತ್ತೇಳು.

ಎರಡು ಐವತ್ತೆಂಟಕ್ಕೆ ಆ ಚುಕ್ಕೆ ಕುಣಿಗಲ್ ಬಸ್ ಸ್ಟ್ಯಾಂಡಿನಲ್ಲಿ ನಿಂತಿತು. ಐದು ನಿಮಿಷವಾಯಿತು, ಹತ್ತು ನಿಮಿಷವಾಯಿತು, ಅಲ್ಲೇ ಇದೆ. ಈಗಿನ ಬಸ್ಸುಗಳು ಅಲ್ಲಿ ಅಷ್ಟು ಹೊತ್ತು ನಿಲ್ಲುವುದಿಲ್ಲ. ಅಷ್ಟು ಹೊತ್ತು ನಿಲ್ಲುತ್ತಿದ್ದದ್ದು ಮಾವ. ಕುಣಿಗಲ್ಲಿನಲ್ಲಿ ಟೀ ಕುಡಿದು, ಒಂದು ಎಲೆ ಅಡಿಕೆ ಹಾಕಿ, ಟೈರುಗಳನ್ನೆಲ್ಲ ಕಾಲಿನಿಂದ ಒದ್ದು ನೋಡಿ, ಆಮೇಲೆ ಗಾಡಿ ತೆಗೆಯುತ್ತಿದ್ದರು. ಇಪ್ಪತ್ತು ನಿಮಿಷ ಅಂತ ಅವರ ಶೆಡ್ಯೂಲಿನಲ್ಲೇ ಇತ್ತು. ಅದು ನೆನಪಾದದ್ದೇ ತಡ, ಹಿಂದಿನ ಸಾಯಂಕಾಲದ ಮಾತೂ ನೆನಪಾಯಿತು. ಹಂಗಾರೆ ಕಾಯ್ತಾ ಇರೋರು ಏನ್ ಮಾಡ್ಬೇಕು.

ಕುಣಿಗಲ್ ಸ್ಟ್ಯಾಂಡಿಗೆ ಫೋನ್ ಮಾಡಿ, ಇಂಥ ಕಡೆ ಒಂದು ಹಳೇ ಬಸ್ ನಿಂತಿದೆಯಾ ನೋಡಿ ಅಂದೆ. ಅಲ್ಲಿನ ಕಂಟ್ರೋಲರು ಎದ್ದು ಹೋಗಿ ನೋಡಿ ಬಂದರು. "ಏನೂ ಇಲ್ವಲ್ಲ ಮೇಡಂ. ಆ ಪ್ಲಾಟ್‌ಫಾರಂ ಖಾಲಿ ಐತೆ. ನಾಯಿ ಮಲಗೈತೆ ಅಷ್ಟೇ." ವಯಸ್ಸಾದವರೂ ಯಾರೂ ಇಲ್ಲವಂತೆ. ಫೋನ್ ಇಟ್ಟೆ. ನನ್ನ ಮೇಲೆ ನನಗೇ ನಾಚಿಕೆಯಾಯಿತು. ಮಾವ ಕಳೆದುಹೋಗಿರುವ ಹೊತ್ತಿನಲ್ಲಿ ಕೆಟ್ಟ ಕಂಪ್ಯೂಟರಿನ ಹಿಂದೆ ಬಿದ್ದಿದ್ದೇನಲ್ಲ ಅಂತ. ಮೂರೂ ಇಪ್ಪತ್ತಕ್ಕೆ ಚುಕ್ಕೆ ಮತ್ತೆ ಹೊರಟಿತು.

ಅತ್ತ ಗಂಡ ಗುಬ್ಬಿಯಿಂದ ತೋಟಕ್ಕೂ ಹೋಗಿ ನೋಡಿ, ಇಲ್ಲ ಅಂತ ಫೋನ್ ಮಾಡಿದರು. ಗಂಟೆ ಮೂರೂ ಮುಕ್ಕಾಲು. ಇನ್ಸುಲಿನ್ ಕೊಟ್ಟು ಎರಡು ಗಂಟೆ ದಾಟಿತ್ತು. ನಾನು ಬೇರೆಲ್ಲ ಬಿಟ್ಟು ಆ ಒಂದು ಚುಕ್ಕೆಯನ್ನೇ ನೋಡುತ್ತಾ ಕೂತೆ. ಗಂಗಣ್ಣ ನನ್ನ ಕುರ್ಚಿಯ ಹಿಂದೆ ನಿಂತಿದ್ದರು. ನಾಲ್ಕು ಗಂಟೆಗೆ ಅದು ಹೊಸ ರಸ್ತೆ ಬಿಟ್ಟು ಕಾಲುವೆ ಕಡೆ ತಿರುಗಿತು. ನಮ್ಮ ಮ್ಯಾಪಿನಲ್ಲಿ ಅಲ್ಲಿ ರೂಟಿನ ಗೆರೆಯೇ ಇಲ್ಲ. ಬೇರೆ ಯಾವ ಗಾಡಿ ಹಾಗೆ ತಿರುಗಿದ್ದರೂ ಸ್ಕ್ರೀನ್ ಕೆಂಪಗಾಗಿ ಬಡಿದುಕೊಳ್ಳುತ್ತಿತ್ತು. ಇದಕ್ಕೆ ಏನೂ ಆಗಲಿಲ್ಲ. ನಾಲ್ಕೂ ಆರಕ್ಕೆ ನಿಂತು ಹಳದಿಯಾಯಿತು. ಸುತ್ತ ಖಾಲಿ ಜಾಗ. ಅಲ್ಲಿ ಏನಿದೆ ಅಂತ ಮ್ಯಾಪಿಗೆ ಗೊತ್ತಿರಲಿಲ್ಲ, ನನಗೆ ಗೊತ್ತಿತ್ತು.

ಕುಣಿಗಲ್ಲಿನಿಂದ ಹೊರಟಿದ್ದ ನಿಜವಾದ ಮಾರ್ಕೋನಹಳ್ಳಿ ಬಸ್ ಅದೇ ತಿರುವಿನ ಹತ್ತಿರ ಬರುತ್ತಿತ್ತು. ಕಂಡಕ್ಟರ್ ಮಂಜುಳ, ನನ್ನ ಕೈಯಲ್ಲಿ ಕೆಲಸ ಕಲಿತ ಹುಡುಗಿ. ಫೋನ್ ಮಾಡಿ, ಬಸ್ಸನ್ನು ಹಳೇ ಸ್ಟಾಪಿಗೆ ತಿರುಗಿಸು ಅಂದೆ. "ಅಲ್ಲಿ ಜನಾನೇ ಇಲ್ವಲ್ಲಕ್ಕ?" ಅಂದಳು. ಏನು ಹೇಳಲಿ? ಗುಜರಿ ಬಸ್ಸಿನ ಚುಕ್ಕೆ ಅಲ್ಲಿದೆ ಅನ್ನಲಾ? ಸುಳ್ಳು ಹೇಳಿದೆ. "ಯಾರೋ ಫೋನ್ ಮಾಡಿದ್ರು ಕಣೇ. ನಮ್ಮ ಮಾವ ಅಲ್ಲಿದಾರಂತೆ. ಬಿದ್ದಿರ್ಬೋದು, ಬೇಗ ಹೋಗು." ಡ್ರೈವರ್ ರಂಗಸ್ವಾಮಿಯ ಧ್ವನಿ ಹಿಂದಿನಿಂದ ಕೇಳಿಸಿತು. ಸ್ಟೇರಿಂಗ್ ಹಿಡಿದ ಮೊದಲ ವರ್ಷ ಅವನು ಮಾವನ ಪಕ್ಕದಲ್ಲಿ ಕೂತು ಕಲಿತವನು. "ಗುರುಗಳ ವಿಷ್ಯ ತಾನೆ? ತಿರುಗ್ಸಣ ಬುಡು, ಮೆಮೊ ಬಂದ್ರೆ ನಂಗಿರ್ಲಿ." ಬಸ್ಸಿನಲ್ಲಿ ಯಾರೋ ಒಬ್ಬ ತಡವಾಗುತ್ತದೆ ಅಂತ ಗೊಣಗಿದನಂತೆ. ಒಬ್ಬ ಅಜ್ಜಿ ಎದ್ದು ನಿಂತು "ನಿಮ್ಮಪ್ಪ ಆಗಿದ್ರೆ ಹಿಂಗಂತಿದ್ದೇನ್ಲಾ?" ಅಂದಮೇಲೆ ಬಾಯಿ ಮುಚ್ಚಿದನಂತೆ. ಇದೆಲ್ಲ ಮಂಜುಳ ಆಮೇಲೆ ಹೇಳಿದ್ದು.

ರಂಗಸ್ವಾಮಿಯ ಬಸ್ ದಾರಿ ಬಿಟ್ಟು ತಿರುಗಿದ ಕೂಡಲೇ ನನ್ನ ಸ್ಕ್ರೀನ್ ಕೆಂಪಗೆ ಹೊಡೆದುಕೊಳ್ಳತೊಡಗಿತು. ಅವನ ಚುಕ್ಕೆ ಕಾಲುವೆ ಪಕ್ಕದಲ್ಲಿ ನಿಧಾನಕ್ಕೆ ಹೋಗಿ ಆ ಹಳದಿ ಚುಕ್ಕೆಯ ಮೇಲೆ ಕೂತಿತು. ಎರಡೂ ಒಂದೇ ಆದವು. ನಾನು ಫೋನನ್ನು ಕಿವಿಗೆ ಒತ್ತಿಕೊಂಡಿದ್ದೆ. ಬಾಗಿಲು ತೆಗೆದ ಸದ್ದು, ಯಾರೋ ಓಡಿದ ಸದ್ದು, ಆಮೇಲೆ ಮಂಜುಳಳ ಕೂಗು: "ಅಕ್ಕಾ, ಅವ್ರೇ! ಕಲ್ಲಿನ ಮೇಲೆ ಒರಗಿದಾರೆ. ಮೈಯೆಲ್ಲ ಬೆವ್ತೈತೆ. ಉಸ್ರೈತೆ ಅಕ್ಕಾ!" ನಾನು ಎರಡೂ ಕೈಯಿಂದ ಟೇಬಲ್ ಹಿಡಿದುಕೊಂಡು ಜೋರಾಗಿ ಅತ್ತೆ. ಗಂಗಣ್ಣನೂ ಕಣ್ಣು ಒರೆಸಿಕೊಂಡರು.

ಕುಣಿಗಲ್ ಸಂತೆಯಿಂದ ಬರುತ್ತಿದ್ದ ಒಬ್ಬ ಹೆಂಗಸಿನ ಚೀಲದಲ್ಲಿ ಅಚ್ಚುಬೆಲ್ಲ ಇತ್ತು. ಕಲ್ಲಿನಲ್ಲಿ ಕುಟ್ಟಿ ಪುಡಿಮಾಡಿ ಮಾವನ ತುಟಿಯ ಒಳಗಡೆ ಸವರಿದಳು. ಸವರುತ್ತಾ ಸವರುತ್ತಾ ಅವರು ಚಪ್ಪರಿಸತೊಡಗಿದರು, ಕಣ್ಣು ಬಿಟ್ಟರು. ಆ ಗೊಣಗಿದವನೇ ಅವರನ್ನು ಎತ್ತಿ ಬಸ್ಸಿಗೆ ಹತ್ತಿಸಿದನಂತೆ. ಹೊಸ ರಸ್ತೆಗೆ ಬರುವಷ್ಟರಲ್ಲಿ ಆಂಬುಲೆನ್ಸ್ ಬಂತು. ನಾನು, ಗಂಡ ಆಸ್ಪತ್ರೆ ಮುಟ್ಟಿದಾಗ ಮಾವ ಡ್ರಿಪ್ ಹಾಕಿಸಿಕೊಂಡು ಎದ್ದು ಕೂತು, ಟೀ ಯಾಕೆ ಕೊಡುವುದಿಲ್ಲ ಅಂತ ನರ್ಸಿನ ಜೊತೆ ಜಗಳ ಆಡುತ್ತಿದ್ದರು. ಇನ್ನರ್ಧ ಗಂಟೆ ತಡವಾಗಿದ್ದರೆ ಕಷ್ಟವಿತ್ತು ಅಂದರು ಡಾಕ್ಟರ್. ಬೆಲ್ಲ ಕೊಟ್ಟ ಆ ತಾಯಿಯ ಹೆಸರು ಕೂಡ ನಮಗೆ ಗೊತ್ತಾಗಲಿಲ್ಲ. ಯಾವ ಊರಿನವಳೋ, ಅವಳ ಮನೆಯ ಒಲೆ ಯಾವತ್ತೂ ತಣ್ಣಗಾಗದಿರಲಿ.

ಇನ್ನು ಲೆಕ್ಕಕ್ಕೆ ಸಿಗದ ವಿಷಯಗಳು. ರಂಗಸ್ವಾಮಿಯ ಬಸ್ ಆ ಜಾಗದಿಂದ ಹೊರಟಾಗ ಅದರ ಕೆಳಗೆ ಯಾವ ಚುಕ್ಕೆಯೂ ಇರಲಿಲ್ಲ. ಪಟ್ಟಿಯ ಕೊನೆಯ ಸಾಲು ಮತ್ತೆ ಬೂದು ಬಣ್ಣಕ್ಕೆ ಹೋಗಿತ್ತು. ಮುಂದಿನ ವಾರ ಸಾಫ್ಟ್‌ವೇರ್ ಕಡೆಯ ಹುಡುಗ ಬಂದಾಗ ಆ ದಿನದ ವರದಿ ತೆಗೆಸಿದೆ. ಇನ್ನೂರ ಹದಿನೆಂಟರ ಹೆಸರಿನಲ್ಲಿ ಒಂದೇ ಒಂದು ಸಂದೇಶವೂ ಬಂದಿಲ್ಲ, ಪಟ್ಟಿಗೆ ಸೇರಿಸಿದ ದಿನದಿಂದ ಇಲ್ಲಿಯವರೆಗೂ ಬಂದಿಲ್ಲ. ಡಬ್ಬಿಯೇ ಇಲ್ಲದ ಗಾಡಿ ಮ್ಯಾಪಿನಲ್ಲಿ ಕಾಣಿಸುವುದು ಸಾಧ್ಯವೇ ಇಲ್ಲ ಅಂದ. ನನ್ನ ಲಾಗ್ ಶೀಟ್ ತೋರಿಸಿದೆ. ನೋಡಿ ಮರ್ಯಾದೆಯಿಂದ ನಕ್ಕ. "ಮೇಡಂ, ಇದು ನಿಮ್ಮ ಕೈಬರಹ ಅಲ್ವಾ?" ಗಂಗಣ್ಣನನ್ನು ಕೇಳಿದರೆ, "ನೋಡಿದ್ದಂತೂ ದಿಟ ಅಕ್ಕ. ಆದ್ರೆ ಆಣೆ ಮಾಡು ಅಂದ್ರೆ ನಾ ಮಾಡಲ್ಲ," ಅನ್ನುತ್ತಾರೆ. ಅವರ ಮೇಲೆ ನನಗೆ ಕೋಪವಿಲ್ಲ. ನಾನಾದರೂ ಮಾಡುತ್ತಿದ್ದೆನೋ ಇಲ್ಲವೋ.

ಮಾವ ಅಲ್ಲಿಗೆ ಹೋದದ್ದು ಹೇಗೆ ಅನ್ನುವುದೂ ತಿಳಿಯಲಿಲ್ಲ. ಕುಣಿಗಲ್ ರಸ್ತೆಯ ಯಾವ ಕಂಡಕ್ಟರೂ ಅವರನ್ನು ನೋಡಿಲ್ಲ. ಹೊಸ ರಸ್ತೆಯಿಂದ ಹಳೇ ಸ್ಟಾಪಿಗೆ ಎರಡು ಮೈಲಿಗೆ ಕಡಿಮೆಯಿಲ್ಲ, ಅವರು ನಮ್ಮ ಬೀದಿ ಕೊನೆಯ ಅಂಗಡಿಗೆ ಹೋಗಿಬರಲು ಎರಡು ಕಡೆ ಕೂರುತ್ತಿದ್ದವರು. ಯಾರೋ ಪುಣ್ಯಾತ್ಮ ಬೈಕಿನಲ್ಲಿ ಬಿಟ್ಟಿರಬಹುದು, ಕಾರಿನಲ್ಲಿ ಬಿಟ್ಟಿರಬಹುದು. ಹಾಗಿದ್ದರೆ ಅವರಿಗೂ ನನ್ನ ನಮಸ್ಕಾರ. ಮಂಜುಳ ಈಗಲೂ ಒಮ್ಮೊಮ್ಮೆ ಕೇಳುತ್ತಾಳೆ, ಆವತ್ತು ಫೋನ್ ಮಾಡಿ ತಿಳಿಸಿದವರು ಯಾರಕ್ಕ ಅಂತ. ಯಾರೂ ಮಾಡಿರಲಿಲ್ಲ ಕಣೇ. ಇವತ್ತು ಇಲ್ಲಿ ಒಪ್ಪಿಕೊಂಡಿದ್ದೇನೆ, ಬೈದುಕೋ. ಬಸ್ ದಾರಿ ತಪ್ಪಿದ್ದಕ್ಕೆ ನಾನು ಬರೆದುಕೊಟ್ಟ ವಿವರಣೆಗೆ ನಮ್ಮ ಡಿಪೋ ಮ್ಯಾನೇಜರು ಎರಡನೇ ಪ್ರಶ್ನೆ ಕೇಳದೆ ಸಹಿ ಹಾಕಿದರು. ಅದನ್ನೂ ನಾನು ಮರೆಯುವವಳಲ್ಲ.

ಒಂದು ಮಾತು ಉಳಿದಿದೆ. ಆಸ್ಪತ್ರೆಯಿಂದ ಮನೆಗೆ ಬಂದ ಮರುದಿನ ಸಾಯಂಕಾಲ ಮಾವನಿಗೆ ಟೀ ಕೊಟ್ಟು ಅವರ ಕಾಲ ಬಳಿ ಕೂತೆ. ತಪ್ಪಾಯ್ತು ಮಾವ, ರೇಗಬಾರದಿತ್ತು ಅಂದೆ. ಅವರಿಗೆ ಅದು ನೆನಪಿದ್ದಂತೆ ಕಾಣಲಿಲ್ಲ. ಅಲ್ಲಿಗೆ ಹೇಗೆ ಹೋದಿರಿ ಅಂತ ಕೇಳಿದೆ. "ಬಸ್ಸಲ್ಲಿ ಕಣಮ್ಮ," ಅಂದರು. ಇನ್ನೇನು ಕೇಳಬೇಕೋ ತಿಳಿಯದೆ, ಹತ್ತೊಂಬತ್ತು ವರ್ಷ ಎಲ್ಲರನ್ನೂ ಕೇಳಿದ್ದನ್ನೇ ಕೇಳಿದೆ: "ಟಿಕೆಟ್ ತಗೊಂಡ್ರಾ ಮಾವ?"

ಅವರು ನನ್ನನ್ನು ಹೊಸಬಳನ್ನು ನೋಡುವಂತೆ ನೋಡಿದರು. "ಸ್ಟಾಫು ಅಂದೆ. ಕೂರ್ಸ್ಕೊಂಡ್ರು."

"ಯಾರು?"

ನನ್ನ ಬ್ಯಾಗಿನಿಂದ ಆ ಲಾಗ್ ಶೀಟ್ ಇಣುಕುತ್ತಿತ್ತು, ಅದನ್ನು ಎಳೆದುಕೊಂಡರು. ಕನ್ನಡಕ ಹಾಕಿ ಒಂದೊಂದೇ ಸಾಲಿನ ಮೇಲೆ ಬೆರಳಿಟ್ಟು ನೋಡಿದರು. ಉಪ್ಪಾರಹಳ್ಳಿ, ಹೆಬ್ಬೂರು, ಕುಣಿಗಲ್, ಹಳೇ ಸ್ಟಾಪು ನಾಲ್ಕೂ ಆರು. "ಆರು ನಿಮಿಷ ಲೇಟು," ಅಂದರು. ಪೆನ್ ಕೊಡು ಅಂದರು. ಕೊಟ್ಟೆ. ಒಂದು ವರ್ಷದಿಂದ ಬ್ಯಾಂಕಿನಲ್ಲಿ ಹೆಬ್ಬೆಟ್ಟು ಒತ್ತುತ್ತಿದ್ದ ಮನುಷ್ಯ, ಕೈ ಒಂದಿಷ್ಟೂ ನಡುಗದೆ, ಶೀಟಿನ ಕೆಳಗೆ ಡ್ರೈವರ್ ಸಹಿ ಅಂತಿರುವ ಕಡೆ ತಮ್ಮ ಪೂರ್ತಿ ಹೆಸರು ಬರೆದು, ಅಡಿಗೆರೆ ಎಳೆದು, ಕಾಗದವನ್ನು ನನ್ನ ಕೈಗೆ ಕೊಟ್ಟು ಟೀ ಲೋಟ ಎತ್ತಿಕೊಂಡರು.

ಆಮೇಲೆ ಇನ್ನೂ ಹದಿನಾಲ್ಕು ತಿಂಗಳು ಅವರು ನಮ್ಮ ಜೊತೆ ಇದ್ದರು. ಬ್ಯಾಂಕಿನಲ್ಲಿ ಮತ್ತೆ ಹೆಬ್ಬೆಟ್ಟೇ. ದಿನಾ ನಾಲ್ಕು ಗಂಟೆಗೆ ಅದೇ ಪ್ರಶ್ನೆ, ದಿನಾ ಅದೇ ಉತ್ತರ: ಹೋಯ್ತು ಮಾವ, ನಾನೇ ನೋಡಿದೆ. ಒಂದು ದಿನವೂ ರೇಗಲಿಲ್ಲ. ಹೀಗೆ ಉತ್ತರ ಕೊಡಲು ನನಗೆ ಹದಿನಾಲ್ಕು ತಿಂಗಳು ಸಿಕ್ಕಿತಲ್ಲ, ನನಗೆ ಅಷ್ಟು ಸಾಕು. ಪ್ರಾಕ್ಟೀಸಿನ ಗಾಡಿಯನ್ನು ಪಟ್ಟಿಯಿಂದ ತೆಗೆಯಿರಿ ಅಂತ ಎಷ್ಟೋ ಸಲ ಹೇಳಿದ್ದಾರೆ. ಇನ್ನೂ ತೆಗೆದಿಲ್ಲ. ಬೆಳಿಗ್ಗೆ ಕಂಪ್ಯೂಟರ್ ಹಾಕಿದ ಕೂಡಲೇ ಮೊದಲು ಕೊನೆಯ ಸಾಲು ನೋಡುತ್ತೇನೆ. ಬೂದು ಬಣ್ಣ. ಮಾವ ತೀರಿಕೊಂಡ ದಿನವೂ ಬೂದು ಬಣ್ಣವೇ ಇತ್ತು. ಆ ಗಾಡಿ ಓಡಿತ್ತೋ ಇಲ್ಲವೋ, ಓಡಿಸಿದವರು ಯಾರೋ, ನಾನು ಹೇಳಲಾರೆ. ಶೀಟ್ ನನ್ನ ಬೀರುವಿನಲ್ಲಿದೆ. ಸಮಯ ಬರೆದ ಕೈ ನನ್ನದು, ಸಹಿ ಮಾವನದು.